ಕುಂಕುಮ ಎಲ್ಲಿ ಹೋಯಿತು?

(ಆಷಾಢದ ಒಂದು ಭಾನುವಾರ ಚಿಕ್ಕಮಗಳೂರಿನಲ್ಲಿ, ಹವ್ಯಾಸಿ ಫೋಟೋಗ್ರಾಫರ್‌ಗಳೂ ಸ್ಟುಡಿಯೋದವರೂ ಸೇರಿದ್ದ ಕೂಟದಲ್ಲಿ ಕಪ್ಪುಬಿಳುಪು ಮುಖಚಿತ್ರದ ಬಗ್ಗೆ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯದಲ್ಲಿ ಕರೆಂಟು ಹೋದದ್ದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಕೊಪ್ಪ, ಮೂಡಿಗೆರೆ ಕಡೆಯಿಂದ ಬಸ್ಸು ಹತ್ತಿ ಬಂದಿದ್ದೀರಿ. ಅದಕ್ಕೆ ತಕ್ಕ ಮಾತಾಡಬೇಕು ನಾನು. ಒಂದು ಬೈಗುಳದಿಂದಲೇ ಶುರು ಮಾಡುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು. ಇದೇ ಊರಿನ ಒಂದು ಮನೆ. ಗೌರಿ ಹಬ್ಬಕ್ಕೆ ಹೊಸ ಸೊಸೆಯ ಫೋಟೋ ಬೇಕು, ಅದೂ ಹಳೇ ಕಾಲದ ಹಾಗೆ ಕಪ್ಪುಬಿಳುಪಿನಲ್ಲಿ ಬೇಕು ಅಂದರು. ಪಡಸಾಲೆಯ ಕಿಟಕಿ ಪಕ್ಕ ಕೂರಿಸಿ, ಡಿಜಿಟಲ್ಲಿನಲ್ಲಿ ತೆಗೆದೆ. ಕಂಪ್ಯೂಟರಿಗೆ ಹಾಕಿ, ಕೆಂಪು ಫಿಲ್ಟರಿನ ಪ್ರೀಸೆಟ್, ಅಂದರೆ ಯಾರೋ ಮೊದಲೇ ಸಿದ್ಧ ಮಾಡಿಟ್ಟ ಲೆಕ್ಕ, ಒತ್ತಿದೆ. ಚರ್ಮ ಏನು ಚೆನ್ನಾಗಿ ಬಂತು ಅಂತೀರಿ! ಮೊಡವೆ ಇಲ್ಲ, ಕಲೆ ಇಲ್ಲ, ಮುಖ ಬೆಳದಿಂಗಳು. ಫ್ರೇಮ್ ಹಾಕಿಸಿ ಕಳಿಸಿಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಅತ್ತೆಯವರ ಫೋನು. “ಏನಪ್ಪಾ, ನನ್ನ ಸೊಸೆ ಹಣೇನ ಬೋಳು ಮಾಡಿ ಕಳಿಸಿದ್ದೀಯಲ್ಲ? ಮನೆ ತುಂಬಿಸ್ಕೊಂಡು ಇನ್ನೂ ವರ್ಷ ಆಗಿಲ್ಲ!”

ಫೈಲು ತೆಗೆದು ನೋಡಿದರೆ ಹೌದು. ಕಾಸಿನಗಲ ಇದ್ದ ಕುಂಕುಮ ಮಾಯ. ಮಸುಕಾಗಿಯೂ ಇಲ್ಲ. ಹಣೆ ಎಲ್ಲಿ ಮುಗಿಯಿತು, ಕುಂಕುಮ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ನಾನು ಅಳಿಸಿರಲಿಲ್ಲ, ಆದರೆ ಅಳಿಸಿದವನು ನಾನೇ.

ಆ ಫೈಲಿನ ಲೆಕ್ಕ ಹೇಳುತ್ತೇನೆ ಕೇಳಿ. ಇವತ್ತಿನ ಮಾತೆಲ್ಲ ಅದರಲ್ಲೇ ಇದೆ. ಕಂಪ್ಯೂಟರಿನಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ 0ಯಿಂದ 255ರವರೆಗೆ ಮೂರು ಅಂಕಿ ಇರುತ್ತವೆ. ಆ ಹುಡುಗಿಯ ಹಣೆ ಹತ್ತಿರಹತ್ತಿರ 180, 130, 100. ಕುಂಕುಮ 190, 30, 40. ನಾನು ಒತ್ತಿದ ಪ್ರೀಸೆಟ್ ಕೆಂಪು ಅಂಕಿಯನ್ನಷ್ಟೇ ಇಟ್ಟುಕೊಂಡು ಉಳಿದ ಎರಡನ್ನು ಬಿಸಾಕಿತು. ಹಣೆ 180, ಕುಂಕುಮ 190. ಕಣ್ಣಿಗೆ ಎರಡೂ ಒಂದೇ ಬೂದು. ಅದೇ ಫೈಲಿನಲ್ಲಿ ಕೆಂಪಿನಿಂದ ನೂರಕ್ಕೆ 20, ಹಸಿರಿನಿಂದ 60, ನೀಲಿಯಿಂದ 20 ತೆಗೆದುಕೊಂಡರೆ ಹಣೆ 134, ಕುಂಕುಮ 64. ಈಗ ಕುಂಕುಮ ಕುಂಕುಮದ ಹಾಗೆ ನಿಲ್ಲುತ್ತದೆ. ಮೊಡವೆಯೂ ಸ್ವಲ್ಪ ಕಾಣುತ್ತದೆ, ಅದೂ ಕೆಂಪೇ ತಾನೆ. ಹಾಗೇ ಮಾಡಿ ಬಿಟ್ಟಿ ಪ್ರಿಂಟ್ ಕೊಟ್ಟು ಬಂದೆ. ಕಾಫಿ ಕೊಟ್ಟರು, ಬೈಗುಳ ವಾಪಸ್ ತಗೊಳ್ಳಲಿಲ್ಲ.

ಬಣ್ಣ ತೆಗೆದರೆ ಕಪ್ಪುಬಿಳುಪಾಯಿತು ಅಂತ ನಾವು ತಿಳಿದುಕೊಂಡಿದ್ದೇವೆ. ಬಣ್ಣ ತಾನಾಗಿ ಹೋಗುವುದಿಲ್ಲ. ಯಾವ ಬಣ್ಣ ಯಾವ ಬೂದು ಆಗಬೇಕು ಅಂತ ಯಾರೋ ತೀರ್ಮಾನ ಮಾಡಿರುತ್ತಾರೆ. ನೀವು ಮಾಡದಿದ್ದರೆ ಪ್ರೀಸೆಟ್ ಬರೆದವನು, ಫಿಲಂ ತಯಾರಿಸಿದವನು, ಬೆಳಕು ಅಳೆಯುವ ಮೀಟರ್ ಮಾಡಿದವನು ಮಾಡಿರುತ್ತಾನೆ. ಅವರು ಯಾರೂ ನಿಮ್ಮ ಎದುರು ಕೂತ ಮುಖ ನೋಡಿದವರಲ್ಲ.

ಹಳೇ ಕಾಲದಲ್ಲಿ ಇದು ತಲೆಕೆಳಗಾಗಿತ್ತು. ಮೊದಮೊದಲ ಗಾಜಿನ ಪ್ಲೇಟುಗಳಿಗೆ ಕಾಣುತ್ತಿದ್ದುದು ನೀಲಿ, ನೇರಳೆ ಮಾತ್ರ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಪ್ಲೇಟಿಗೆ ಬಣ್ಣ ಬೆರೆಸಿದರೆ ಅದಕ್ಕೆ ಹಸಿರೂ ಕಾಣುತ್ತದೆ ಅಂತ ಕಂಡುಹಿಡಿದರು. ಆರ್ಥೋ ಪ್ಲೇಟು ಹುಟ್ಟಿದ್ದು ಹಾಗೆ. ಕೆಂಪಿಗೆ ಮಾತ್ರ ಆಗಲೂ ಕುರುಡು. ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಅಂಗಡಿಗೆ ಬಂದದ್ದು 1906ರಲ್ಲಿ. ಬಂದ ಮೇಲೂ ಎಷ್ಟೋ ಜನ ಆರ್ಥೋ ಬಿಡಲಿಲ್ಲ, ಯಾಕೆಂದರೆ ಅದನ್ನು ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡುತ್ತಾ ತೊಳೆಯಬಹುದಿತ್ತು.

ಈಗ ನಿಮ್ಮ ನಿಮ್ಮ ಮನೆಯ ಗೋಡೆ ನೆನಪು ಮಾಡಿಕೊಳ್ಳಿ. ಮುತ್ತಜ್ಜಿಯ ಫೋಟೋ ಇರುತ್ತದೆ. ಮುಖ ಕಪ್ಪು, ಹಣೆಯಲ್ಲಿ ಇದ್ದಿಲಿನ ಹಾಗೆ ಕುಂಕುಮ. ನಮ್ಮ ಮನೆಯಲ್ಲೂ ಒಂದಿದೆ. ನಾವು ಮೊಮ್ಮಕ್ಕಳೆಲ್ಲ ಅವರನ್ನು ಎಣ್ಣೆಗಪ್ಪು ಅಂತಲೇ ಅಂದುಕೊಂಡಿದ್ದೆವು. ಒಮ್ಮೆ ಅಜ್ಜಿಯ ಮುಂದೆ ಹಾಗಂದಾಗ ಅವರು ಕನ್ನಡಕ ತೆಗೆದು, “ಯಾರೋ ಹೇಳಿದ್ದು? ನಮ್ಮಮ್ಮ ಗೋಧಿ ಬಣ್ಣ ಕಣೋ. ದಿನಾ ಅರಿಶಿನ ಹಚ್ಚಿ ಮೀಯೋಳು,” ಅಂದರು. ಅರಿಶಿನವೇ ಕಾರಣ ಇರಬೇಕು. ಹಳದಿ ಅಂದರೆ ನೀಲಿಯನ್ನು ನುಂಗುವ ಬಣ್ಣ. ನೀಲಿಯನ್ನೇ ಹೆಚ್ಚಾಗಿ ನೋಡುವ ಪ್ಲೇಟಿಗೆ ಅರಿಶಿನದ ಕೆನ್ನೆ ಕತ್ತಲು. ಗೋಧಿ ಚರ್ಮದಲ್ಲಿರುವ ಕೆಂಪು ಛಾಯೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೀಗೆ ಒಂದು ಇಡೀ ತಲೆಮಾರಿನ ಹೆಂಗಸರು ಫೋಟೋದಲ್ಲಿ ಒಂದು ಸ್ಟಾಪು ಕಪ್ಪಾಗಿ ಕೂತುಬಿಟ್ಟಿದ್ದಾರೆ. (ಸ್ಟಾಪು ಅಂದರೆ ಬೆಳಕಿನ ಅಳತೆ. ಒಂದು ಸ್ಟಾಪು ಏರಿದರೆ ಬೆಳಕು ಎರಡರಷ್ಟು, ಇಳಿದರೆ ಅರ್ಧ.) ನಾವು ಅದನ್ನೇ ವಂಶದ ಬಣ್ಣ ಅಂದುಕೊಂಡಿದ್ದೇವೆ.

ಇನ್ನು ಮೀಟರಿಗೆ ಬರೋಣ. ಹೊಸಬರು ಎಡವುವುದು ಇಲ್ಲೇ, ಹಳಬರು ಸುಳ್ಳು ಹೇಳುವುದೂ ಇಲ್ಲೇ.

ಮೀಟರಿಗೆ ಗೊತ್ತಿರುವುದು ಒಂದೇ ಒಂದು ಬಣ್ಣ, ನಡುಬೂದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಹಿಂದಿರುಗಿಸುವ ಬೂದು. ಅದರ ಮುಂದೆ ಏನೇ ಇಡಿ, ಇದನ್ನು ನಡುಬೂದು ಮಾಡುವುದು ಹೇಗೆ ಅಂತಷ್ಟೇ ಅದು ಲೆಕ್ಕ ಹಾಕುತ್ತದೆ. 1984ರಲ್ಲಿ ನಾನು ಇದೇ ಊರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮೂಡಿಗೆರೆ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜನ ಫೋಟೋ ತೆಗೆಯಲು ಕರೆ ಬಂತು. ಗುರುಗಳು ನನ್ನನ್ನೇ ಕಳಿಸಿದರು. ಯಾಶಿಕಾ ಕ್ಯಾಮೆರಾ, ಊಟಿಯ ‘ಇಂದು’ ಫಿಲಂ ರೋಲ್, ಹನ್ನೆರಡು ಫ್ರೇಮು. ಮಳೆಗಾಲ. ಅಜ್ಜ ಮನೆ ಜಗುಲಿಯ ಮೇಲೆ ಕರಿ ಕಂಬಳಿ ಹೊದ್ದು ಕೂತಿದ್ದರು. ತೆಗೀರಿ ಅಂದರೆ, “ಚಳಿ ಆತದೆ ಮಗಾ, ಹಿಂಗೇ ತೆಗಿ,” ಅಂದರು. ಮೀಟರ್ ಹಿಡಿದೆ. ಮೀಟರಿಗೆ ಕಂಡದ್ದು ಮುಕ್ಕಾಲುಪಾಲು ಕಂಬಳಿ. ಕಂಬಳಿಯನ್ನು ನಡುಬೂದು ಮಾಡಲು ಎಷ್ಟು ಬೆಳಕು ಬೇಕೋ ಅಷ್ಟು ಹೇಳಿತು. ನಾನು ಅಷ್ಟೇ ಕೊಟ್ಟೆ. ಎರಡು ಸ್ಟಾಪು ಓವರ್, ಬೇಕಾದ್ದಕ್ಕಿಂತ ಜಾಸ್ತಿ. ಸ್ಟುಡಿಯೋಗೆ ಬಂದು, ಪೇಪರ್ ಉಳಿಸೋಣ ಅಂತ, ಒಂದು ತುಂಡಿನ ಮೇಲೆ ಬೇರೆ ಬೇರೆ ಸಮಯ ಕೊಟ್ಟು ನೋಡುವ ಟೆಸ್ಟ್ ಸ್ಟ್ರಿಪ್ ಹಾಕದೆ, ಎಂದಿನ 8 ಸೆಕೆಂಡ್ ಕೊಟ್ಟು ಪ್ರಿಂಟ್ ತೆಗೆದೆ. ಕಂಬಳಿ ಬೂದಿ ಬಣ್ಣ, ಅಜ್ಜನ ಮುಖ ಸುಣ್ಣದ ಗೋಡೆ.

ಗುರುಗಳು ಪ್ರಿಂಟ್ ನೋಡಿ ಬೈಯಲಿಲ್ಲ. “ಕಪ್ಪಿಗೆ ಕಳೆ, ಬಿಳಿಗೆ ಕೂಡಿಸು. ನಾಳೆಯಿಂದ ನೆನಪಿಟ್ಕೋ,” ಅಂದರು. ಕರಿ ಕಂಬಳಿಯಿಂದ ಮೀಟರ್ ಓದಿದರೆ ಎರಡು ಸ್ಟಾಪು ಕಡಿಮೆ ಕೊಡು, ಬಿಳಿ ಸೀರೆಯಿಂದ ಓದಿದರೆ ಒಂದೂವರೆ, ಎರಡು ಸ್ಟಾಪು ಜಾಸ್ತಿ ಕೊಡು ಅಂತ ಅರ್ಥ. ಅಜ್ಜನ ಮನೆಯವರು ಬಂದು ಪ್ರಿಂಟ್ ನೋಡಿದರು. ನಾನು ಒಳಗೆ ಬಚ್ಚಿಟ್ಟುಕೊಂಡಿದ್ದೆ. “ಎಷ್ಟು ಬೆಳ್ಳಗೆ ಬಂದವ್ರೆ!” ಅಂತ ಖುಷಿಯಾಗಿ ದುಡ್ಡು ಕೊಟ್ಟು ಹೋದರು. ಈ ಅಜ್ಜನನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತಾರೆ.

ಈಗ ನಾನು ಕಂಬಳಿಯನ್ನೂ ಓದುವುದಿಲ್ಲ, ಸೀರೆಯನ್ನೂ ಓದುವುದಿಲ್ಲ. ಬಿಳಿ ಗುಮ್ಮಟ ಇರುವ ಕೈಮೀಟರ್ ಇದ್ದರೆ ಅದನ್ನು ಗಲ್ಲದ ಹತ್ತಿರ ಹಿಡಿದು, ಗುಮ್ಮಟ ಕ್ಯಾಮೆರಾ ಕಡೆ ತಿರುಗಿಸಿ ಓದುತ್ತೇನೆ. ಅದು ಬೀಳುವ ಬೆಳಕನ್ನು ಅಳೆಯುತ್ತದೆ. ಯಾರು ಕೂತಿದ್ದಾರೆ, ಏನು ಉಟ್ಟಿದ್ದಾರೆ ಅದಕ್ಕೆ ಬೇಕಿಲ್ಲ. ಮೀಟರ್ ಇಲ್ಲದವರಿಗೆ ಅಂಗೈ ಇದೆ. ಮೈಬಣ್ಣ ಯಾವುದೇ ಇರಲಿ, ಅಂಗೈ ಎಲ್ಲರದೂ ಹೆಚ್ಚುಕಡಿಮೆ ಒಂದೇ, ನಡುಬೂದಿಗಿಂತ ಸುಮಾರು ಒಂದು ಸ್ಟಾಪು ತಿಳಿ. ಮುಖಕ್ಕೆ ಬೀಳುವ ಬೆಳಕೇ ಅಂಗೈಗೂ ಬೀಳುವ ಹಾಗೆ ಹಿಡಿದು, ಒಂದೇ ಜಾಗವನ್ನು ಅಳೆಯುವ ಕ್ಯಾಮೆರಾದ ಸ್ಪಾಟ್ ಮೀಟರಿನಲ್ಲಿ ಓದಿ, ಒಂದು ಸ್ಟಾಪು ಜಾಸ್ತಿ ಕೊಡಿ. ನಿಮ್ಮದೇ ಅಂಗೈ ಹಿಡಿಯಿರಿ. ಕಾಫಿ ಕೊಯ್ಯುವ ಕಾಲದಲ್ಲಿ ಆಳುಗಳ ಅಂಗೈಗೆ ಕರೆ ಹಿಡಿದಿರುತ್ತದೆ, ಲೆಕ್ಕ ತಪ್ಪುತ್ತದೆ.

ಅಮೆರಿಕದ ಫೋಟೋಗ್ರಾಫರ್‌ಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಕಪ್ಪಿನಿಂದ ಬಿಳಿವರೆಗೆ ಮೆಟ್ಟಿಲು ಮಾಡಿ ಜೋನ್ ಸಿಸ್ಟಂ ಅಂತ ಕರೆದರು. ಐದನೇ ಮೆಟ್ಟಿಲು ನಡುಬೂದು. ಬಿಳಿಯರ ಮುಖ ಆರನೇ ಮೆಟ್ಟಿಲಲ್ಲಿ ಇಡಿ ಅಂದರು. ಆ ಪಾಠ ಓದಿ ನಾನೂ ಒಂದಷ್ಟು ದಿನ ನಮ್ಮೂರಿನವರನ್ನೆಲ್ಲ ಆರನೇ ಮೆಟ್ಟಿಲಿಗೆ ಹತ್ತಿಸಿದೆ. ನಮ್ಮ ಗೋಧಿ ಬಣ್ಣಕ್ಕೆ ಐದೇ ಸರಿ, ಎಣ್ಣೆಗಪ್ಪಿಗೆ ನಾಲ್ಕು.

(ಇಲ್ಲಿ ಕರೆಂಟು ಹೋಯಿತು. ಪ್ರೊಜೆಕ್ಟರ್ ಆರಿತು. ಜನರೇಟರ್ ಶುರು ಮಾಡಲು ಓಡಿದವರನ್ನು ನಾನೇ ತಡೆದೆ.)

ಇರಲಿ ಬಿಡಿ, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಎಡಗಡೆ ಆ ಒಂದು ಕಿಟಕಿ ಬಿಟ್ಟು ಉಳಿದ ಕಿಟಕಿಗಳ ಪರದೆ ಎಳೆಯಿರಿ. ಯಾರಾದರೂ ಒಬ್ಬರು ಬನ್ನಿ. ಬಾಪ್ಪ, ನೀನೇ ಬಾ. ಈ ಕುರ್ಚಿ ಕಿಟಕಿಯಿಂದ ಮೂರಡಿ ದೂರ ಹಾಕಿಕೊಂಡು ಕೂತ್ಕೋ. ಕಿಟಕಿ ಎದುರಿಗೆ ಬೇಡ, ಕಿಟಕಿ ನಿನ್ನ ಮುಂದಿನ ಪಕ್ಕಕ್ಕೆ ಬರಲಿ. ಮುಖ ಇನ್ನೊಂಚೂರು ಅತ್ತ. ಸಾಕು. ಈಗ ಎಲ್ಲರೂ ಅವನ ಕತ್ತಲಿನ ಕಡೆಯ ಕೆನ್ನೆ ನೋಡಿ. ಕಣ್ಣ ಕೆಳಗೆ ಪುಟ್ಟದೊಂದು ತ್ರಿಕೋನ ಬೆಳಕು ಬಿದ್ದಿದೆ. ರೆಂಬ್ರಾಂಟ್ ಲೈಟಿಂಗ್ ಅಂತ ಸ್ಟುಡಿಯೋಗಳಲ್ಲಿ ಸಾವಿರಾರು ರೂಪಾಯಿ ಲೈಟ್ ಇಟ್ಟು ಮಾಡುವುದು ಇದನ್ನೇ. ಆಷಾಢದ ಮೋಡ ಬಿಟ್ಟಿಯಾಗಿ ಕೊಟ್ಟಿದೆ.

ಮೀಟರ್ ಓದುತ್ತೇನೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಚುರುಕು, 400. ಶಟರ್ 1/60 ಸೆಕೆಂಡ್. ಕಿಟಕಿ ಕಡೆಯ ಕೆನ್ನೆಗೆ ಲೆನ್ಸಿನ ಕಂಡಿ, ಅಂದರೆ ಅಪರ್ಚರ್, 5.6 ಬಂತು. ಆಚೆ ಕೆನ್ನೆಗೆ 2. ಈ ಅಂಕಿ ಚಿಕ್ಕದಾದಷ್ಟೂ ಅಲ್ಲಿ ಬೆಳಕು ಕಡಿಮೆ ಅಂತ ಅರ್ಥ; 5.6, 4, 2.8, 2 ಅಂತ ಒಂದೊಂದು ಸ್ಟಾಪು ಇಳಿಯುತ್ತದೆ. ಮೂರು ಸ್ಟಾಪು ಅಂತರ, ಅಂದರೆ ಈಚೆ ಬೆಳಕು ಆಚೆಯ ಎಂಟು ಪಟ್ಟು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಫೋಟೋದಲ್ಲಿ ಅರ್ಧ ಮುಖ ಗವಿ ಸೇರುತ್ತದೆ. ಕಣ್ಣು ನೆರಳಿಗೆ ಹೊಂದಿಕೊಂಡು ನೋಡುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಯಾರ ಹತ್ತಿರವಾದರೂ ಬಿಳಿ ಪಂಚೆ ಇದೆಯಾ? ಟವಲ್ ಆದರೂ ಸರಿ. (ಮುಂದಿನ ಸಾಲಿನ ಹಿರಿಯರೊಬ್ಬರು ಹೆಗಲ ಮೇಲಿನ ಶಲ್ಯ ಕೊಟ್ಟರು.) ಆಚೆ ಕಡೆ ಮೂರಡಿ ದೂರದಲ್ಲಿ ಹಿಡಿಯಿರಿ. 2.8. ಎರಡು ಸ್ಟಾಪಿಗೆ ಇಳಿಯಿತು. ಒಂದೂವರೆ ಅಡಿಗೆ ತನ್ನಿ. ನಾಲ್ಕರ ಹತ್ತಿರ ಬಂತು, ಈಗ ಎರಡರಷ್ಟಕ್ಕೆ ಒಂದು. ಮದುವೆ ಆಲ್ಬಮ್ಮಿಗೆ ಇಷ್ಟು ಸಾಕು. ಕಥೆ ಬರೆಯುವವರು, ಹಾಡುವವರು, ಕೋರ್ಟಿಗೆ ಅಲೆದು ಸುಸ್ತಾದವರು, ಇಂಥವರಿಗೆ ನಾನು ಶಲ್ಯವನ್ನು ಮತ್ತೆ ಮೂರಡಿ ದೂರ ಕಳಿಸುತ್ತೇನೆ.

ದೂರದ ವಿಷಯ ಬಂದದ್ದಕ್ಕೆ ಒಂದು ಮಾತು. ಬಲ್ಬು ಅಥವಾ ಫ್ಲಾಶ್ ಆದರೆ ದೂರ ಎರಡರಷ್ಟಾದಾಗ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ, ಎರಡು ಸ್ಟಾಪು ಕುಸಿಯುತ್ತದೆ. ದೊಡ್ಡ ಕಿಟಕಿಯ ಹತ್ತಿರ ಕೂತಾಗ ಅಷ್ಟು ಕಟ್ಟುನಿಟ್ಟಾಗಿ ಇಳಿಯುವುದಿಲ್ಲ. ಕಿಟಕಿ ಬೆಳಕು ಮುಖದ ಮೇಲೆ ನಯವಾಗಿ ಹರಡುವುದಕ್ಕೆ ಇದೂ ಒಂದು ಕಾರಣ.

ಕಿಟಕಿ ಬಿಟ್ಟು ತೋಟಕ್ಕೆ ಹೋಗೋಣ. ನಮ್ಮಲ್ಲಿ ಪ್ರಿ ವೆಡ್ಡಿಂಗ್ ಅಂದರೆ ಕಾಫಿ ತೋಟವೇ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸಿ ತೆಗೆದರೆ ಮುಖಕ್ಕೆ ಹಸಿರು ಬಡಿಯುತ್ತದೆ ಅಂತ ಎಲ್ಲರ ದೂರು. ಕಪ್ಪುಬಿಳುಪಿಗೆ ಆ ತೊಂದರೆ ಇಲ್ಲ. ನಿಜವಾದ ತೊಂದರೆ ಬೇರೆ. ಅಲ್ಲಿ ಬೆಳಕು ನೆತ್ತಿಯ ಮೇಲಿಂದ ಇಳಿಯುತ್ತದೆ. ಹುಬ್ಬಿನ ಕೆಳಗೆ ಕಣ್ಣು ಎರಡು ಬಾವಿ, ಮೂಗಿನ ಕೆಳಗೆ ಇಲ್ಲದ ಮೀಸೆ. ತೋಟದ ನಡುವೆ ನಿಲ್ಲಿಸಬೇಡಿ. ತೋಟ ಮುಗಿದು ರಸ್ತೆ ಅಥವಾ ಕೆರೆ ಶುರುವಾಗುವ ಅಂಚಿಗೆ ತನ್ನಿ, ಮುಖ ಬಯಲಿನ ಕಡೆ ಇರಲಿ. ಬೆಳಕು ಪಕ್ಕದಿಂದ ಬರುತ್ತದೆ, ಕಣ್ಣಿನಲ್ಲಿ ಮಿಂಚು ಕೂರುತ್ತದೆ.

ಜನವರಿಯಾದರೆ ಇನ್ನೂ ಒಳ್ಳೆಯ ಜಾಗ ಕಾಫಿ ಕಣ. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದ ತಿಳಿ ಬಣ್ಣದ ಕಾಫಿ ಬೀಜ, ಹರಡಿದ್ದರೆ ಅದು ಬೆಳಕು ತಿರುಗಿಸುವ ಅರ್ಧ ಎಕರೆಯ ಥರ್ಮಕೋಲ್ ಶೀಟು. ಕಣದ ಪಕ್ಕದ ನೆರಳಿನಲ್ಲಿ, ಸೂರಿನ ಕೆಳಗೆ ಆಳನ್ನು ಕೂರಿಸಿ. ಬಿಸಿಲು ಕಾಳಿಗೆ ಬಡಿದು ಕೆಳಗಿನಿಂದ ಮುಖಕ್ಕೆ ಏರುತ್ತದೆ. ಗಲ್ಲದ ಕೆಳಗಿನ ಕತ್ತಲು, ಕಣ್ಣಗುಳಿ ಎಲ್ಲ ತುಂಬಿಕೊಳ್ಳುತ್ತದೆ. ಕಣದಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗಿಸಿದ್ದರೆ ಆಟ ನಡೆಯುವುದಿಲ್ಲ, ಅದು ಕಪ್ಪು, ಬೆಳಕನ್ನೆಲ್ಲ ಕುಡಿದುಬಿಡುತ್ತದೆ.

ಇದೇ ಪಾಠ ಬೇಲೂರಿನಲ್ಲೂ ಇದೆ. ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಮಧ್ಯಾಹ್ನ 12ಕ್ಕೆ ಹೋಗಿ, ಗೈಡು ಹೇಳುವುದನ್ನು ಐದು ನಿಮಿಷ ಕೇಳಿಸಿಕೊಳ್ಳದೆ ಮದನಿಕೆಯರ ಮುಖ ನೋಡಿ. ಅವರಿರುವುದು ಸೂರಿನ ಕೆಳಗೆ. ನೆತ್ತಿಯ ಬಿಸಿಲು ಮುಟ್ಟುವುದಿಲ್ಲ. ಮುಖಕ್ಕೆ ಸಿಗುವುದು ಅಂಗಳದ ಹಾಸುಗಲ್ಲಿಗೆ ಬಡಿದು ಏರಿ ಬಂದ ಬೆಳಕು. ಬಳಪದ ಕಲ್ಲು ಇಡೀ ಒಂದೇ ಬೂದು. ಕುಂಕುಮವಿಲ್ಲ, ಕಾಡಿಗೆಯಿಲ್ಲ. ಆದರೂ ಮೂಗೆಲ್ಲಿ, ತುಟಿಯೆಲ್ಲಿ, ನಗು ಎಲ್ಲಿ ಶುರುವಾಯಿತು ಅಂತ ಎಲ್ಲ ತಿಳಿಯುತ್ತದೆ. 1117ರ ಗುಡಿ. ಮೀಟರ್ ಇಲ್ಲದ ಕಾಲದ ಕಪ್ಪುಬಿಳುಪು.

ಎಣ್ಣೆಗಪ್ಪು ಅಂದೆನಲ್ಲ, ಆ ಪದದಲ್ಲೇ ಲೈಟಿಂಗ್ ಪಾಠ ಇದೆ. ಬರೀ ಕಪ್ಪಲ್ಲ, ಎಣ್ಣೆಯ ಕಪ್ಪು. ತಿಳಿ ಚರ್ಮದಲ್ಲಿ ಮುಖದ ಆಕಾರ ಗೊತ್ತಾಗುವುದು ನೆರಳಿನಿಂದ. ಕಪ್ಪು ಚರ್ಮದಲ್ಲಿ ಅದು ಗೊತ್ತಾಗುವುದು ಹೊಳಪಿನಿಂದ. ಕೆನ್ನೆಮೂಳೆ, ಹಣೆ, ಮೂಗಿನ ಬೆನ್ನು, ಇವುಗಳ ಮೇಲೆ ಜಾರುವ ತೆಳು ಹೊಳಪೇ ಮುಖ. ಹಾಗಾಗಿ ಅಂಥವರಿಗೆ ದೊಡ್ಡ ಕಿಟಕಿ ಬೇಕು, ಬೆಳಕು ಪಕ್ಕದಿಂದ, ಇನ್ನೂ ಸ್ವಲ್ಪ ಹಿಂದಿನಿಂದ ಸವರಿಕೊಂಡು ಬರಬೇಕು. ಬೆಳಕು ಜಾಸ್ತಿ ಸುರಿದರೆ ಕೆಲಸವಾಗುವುದಿಲ್ಲ, ಜಾಗ ಬದಲಿಸಬೇಕು. ಆದರೆ ನಮ್ಮ ಜನ ಏನು ಮಾಡುತ್ತಾರೆ? ಫೋಟೋ ಅಂದ ಕೂಡಲೇ ಪೌಡರ್ ಬಳಿದುಕೊಂಡು ಬರುತ್ತಾರೆ. ನಮ್ಮ ಸ್ಟುಡಿಯೋದಲ್ಲಂತೂ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲರಿಗೂ ಒಂದೇ ಕೋಟು ಇರುತ್ತಿದ್ದವು. ಪೌಡರ್ ಹೊಳಪನ್ನು ಕೊಂದು ಮುಖಕ್ಕೆ ಬೂದಿ ಹಾಕುತ್ತದೆ. ನಾನು ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅನ್ನುತ್ತೇನೆ. ಧೈರ್ಯ ಇದ್ದರೆ ಎರಡು ಹನಿ ಕೊಬ್ಬರಿ ಎಣ್ಣೆ ಕೊಡುತ್ತೇನೆ.

(ಕರೆಂಟು ಬಂತು. ಪರದೆಯ ಮೇಲೆ ಡೆವಲಪರ್ ಸೂತ್ರದ ಚಿತ್ರ ನಿಂತಿತ್ತು.)

ಸರಿ, ಡಾರ್ಕ್ ರೂಮಿಗೆ. ಮತ್ತೆ ಫಿಲಂ ಹಿಡಿದಿರುವ ಹುಡುಗರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಕೇಳಿದೆ. ಇದು ಡಿ-76, ಫಿಲಮ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್, ಕೊಡಾಕ್‌ನವರ 1927ರ ಸೂತ್ರ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಎಲ್ಲ ಒಟ್ಟಿಗೆ ಸುರಿಯಬೇಡಿ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗುವುದಿಲ್ಲ. ಮೊದಲು ಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದದ್ದು. ಗುರುಗಳು ಇದನ್ನು ಸಾರಿನ ಪುಡಿ ಹುರಿಯುವ ಕ್ರಮದ ಹಾಗೆ ಬಾಯಿಪಾಠ ಮಾಡಿಸಿದ್ದರು.

ಡೆವಲಪರ್ 20 ಡಿಗ್ರಿ ಇರಬೇಕು. ಮಾರ್ಚ್, ಏಪ್ರಿಲ್ಲಿನಲ್ಲಿ ಬಾಟಲಿಯನ್ನು ಮಣ್ಣಿನ ಮಡಕೆಯ ನೀರಿನಲ್ಲಿ ಇಡುತ್ತಿದ್ದೆವು, ಡಿಸೆಂಬರ್ ರಾತ್ರಿಯಲ್ಲಿ ಬಿಸಿನೀರಿನ ಬೇಸಿನ್ನಿನಲ್ಲಿ. ಆದರೆ ನಾನು ಹೇಳಬೇಕಾದದ್ದು ಸಮಯದ ಬಗ್ಗೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದಲ್ಲಿ ಫಿಲಮ್ಮಿಗೆ ಕೊಟ್ಟ ಬೆಳಕು, ನೆರಳನ್ನು ತೀರ್ಮಾನ ಮಾಡುತ್ತದೆ, ತೊಳೆಯುವ ಸಮಯ ಬೆಳಕಿನ ಭಾಗವನ್ನು ತೀರ್ಮಾನ ಮಾಡುತ್ತದೆ. ನೆರಳಿನ ಕಡೆಯ ಕೆನ್ನೆಗೆ ಕ್ಯಾಮೆರಾದಲ್ಲಿ ಸಾಕಷ್ಟು ಬೆಳಕು ಬೀಳದಿದ್ದರೆ ಆಮೇಲೆ ಎಷ್ಟು ಹೊತ್ತು ತೊಳೆದರೂ ಅದು ಹುಟ್ಟುವುದಿಲ್ಲ. ಹಣೆಯ ಬಿಳುಪು ಹಾಗಲ್ಲ, ತೊಳೆದಷ್ಟೂ ಏರುತ್ತದೆ. ಎಚ್‌ಪಿ5 ಪ್ಲಸ್ ಫಿಲಮ್ಮಿಗೆ ನೀರು ಬೆರೆಸದ ಡಿ-76ರಲ್ಲಿ ಏಳೂವರೆ ನಿಮಿಷ ಅಂತ ಕಂಪನಿಯವರು ಹೇಳುತ್ತಾರೆ. ಮಾರ್ಚಿನ ಸುಡುಬಿಸಿಲಲ್ಲಿ ಕಣದಲ್ಲಿ ತೆಗೆದ ರೋಲಿಗೆ ನಾನು ಆರು ಕೊಡುತ್ತೇನೆ, ಬಿಳಿ ಉರಿಯದ ಹಾಗೆ. ಇವತ್ತಿನಂಥ ಮೋಡಕ್ಕೆ ಒಂಬತ್ತು, ಇಲ್ಲದಿದ್ದರೆ ಮುಖ ಅಂಬಲಿಯಾಗುತ್ತದೆ. ಅಜ್ಜ ಜಗುಲಿಯಲ್ಲಿ, ಮಗ ಕಣದಲ್ಲಿ ಇದ್ದರೆ ಎರಡು ರೋಲು ಮಾಡಿ. ಒಂದೇ ರೋಲಿನಲ್ಲಿ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಡಿಜಿಟಲ್ ಇದರ ತದ್ವಿರುದ್ಧ. ಅಲ್ಲಿ ಬಿಳುಪು ಉರಿದರೆ ಹೋಯಿತು, ಬ್ರಹ್ಮ ಬಂದರೂ ವಾಪಸ್ ಬರುವುದಿಲ್ಲ. ನೆರಳನ್ನು ಒಂದಷ್ಟು ಎಳೆದು ತರಬಹುದು. ಕೆನ್ನೆಯ ಬಿಳುಪು ಉಳಿಸಿಕೊಂಡು ತೆಗೆಯಿರಿ. ಮೂಗುಬೊಟ್ಟಿನ ಹೊಳಪು ಉರಿದರೆ ಚಿಂತೆಯಿಲ್ಲ, ಅದು ಹೊಳೆಯಲೆಂದೇ ಇರುವುದು. ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಟ್ಟುಕೊಳ್ಳುವ ರಾ ಫೈಲಿನಲ್ಲೇ ತೆಗೆಯಿರಿ. ಕ್ಯಾಮೆರಾದ ಪರದೆಯನ್ನು ಬೇಕಾದರೆ ಕಪ್ಪುಬಿಳುಪಿಗೆ ಇಟ್ಟುಕೊಳ್ಳಿ, ಒಳಗೆ ಬಣ್ಣ ಉಳಿದಿರುತ್ತದೆ. ಕುಂಕುಮದ ತೀರ್ಮಾನ ಮನೆಯಲ್ಲಿ ಕೂತು ಮಾಡಬಹುದು.

ಕಾಫಿ ಊರಿಗೆ ಬಂದು ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಕಾಫಿಯಲ್ಲೂ ಫಿಲಂ ತೊಳೆಯಬಹುದು. 1995ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಮೇಷ್ಟ್ರೂ ಅವರ ವಿದ್ಯಾರ್ಥಿಗಳೂ ಮಾಡಿ ತೋರಿಸಿದರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಥರದ ಆಮ್ಲಗಳು. ಈಗ ಓಡಾಡುವ ಒಂದು ಸೂತ್ರ ಹೀಗಿದೆ: ಲೀಟರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16, ಇನ್‌ಸ್ಟಂಟ್ ಕಾಫಿ 40, 20 ಡಿಗ್ರಿಯಲ್ಲಿ 15 ನಿಮಿಷ. ಅಡುಗೆ ಸೋಡಾ ಹಾಕಿದರೆ ರೋಲು ಹಾಳು. ಅರೇಬಿಕಾ ಬೆಳೆಗಾರರು ಬೇಜಾರು ಮಾಡಿಕೊಳ್ಳಬೇಡಿ, ಇದಕ್ಕೆ ಅಗ್ಗದ ರೊಬಸ್ಟಾನೇ ಮೇಲು, ಆ ಆಮ್ಲ ಅದರಲ್ಲೇ ಹೆಚ್ಚು. ಚಿಕೋರಿ ಸೇರಿಸಿದ ನಮ್ಮ ಫಿಲ್ಟರ್ ಪುಡಿ ಬೇಡ. ನಾನು ಎರಡು ಸಲ ಮಾಡಿದ್ದೇನೆ. ನೆಗೆಟಿವ್ ಚೆನ್ನಾಗಿ ಬಂತು. ವಾಸನೆಗೆ ಹೆಂಡತಿ ಬಚ್ಚಲುಮನೆಗೆ ಬೀಗ ಹಾಕಿದಳು.

ಪ್ರಿಂಟಿನ ಬಗ್ಗೆ ಎರಡೇ ಮಾತು. ಟ್ರೇಯಲ್ಲಿ ಒದ್ದೆ ಇದ್ದಾಗ ಮುಖ ಸರಿಯಾಗಿದೆ ಅನ್ನಿಸಿದರೆ ಅದು ಸರಿಯಿಲ್ಲ. ಒಣಗಿದ ಮೇಲೆ ಪ್ರಿಂಟ್ ಇನ್ನೊಂದಿಷ್ಟು ಕಪ್ಪಾಗುತ್ತದೆ. ಹಾಗಾಗಿ ಒದ್ದೆಯಲ್ಲಿ ಒಂದು ಎಳೆ ತಿಳಿಯಾಗಿ ನಿಲ್ಲಿಸಿ. ಮತ್ತೆ, ಕೈ ಅಡ್ಡ ಹಿಡಿದು ಕಣ್ಣುಗಳನ್ನು ತಿಳಿ ಮಾಡುವ ಚಟ. ಕಣ್ಣಿನ ಬಿಳಿಗುಡ್ಡೆ ಹಲ್ಲಿನಷ್ಟು ಬೆಳ್ಳಗಾದರೆ ಮನುಷ್ಯ ಬೆಚ್ಚಿಬಿದ್ದ ಹಾಗೆ ಕಾಣುತ್ತಾನೆ.

ಈಗ ಒಂದು ಜಗಳದ ಮಾತು. ಸ್ಪರ್ಧೆಗಳಿಗೆ ಬರುವ ಕಪ್ಪುಬಿಳುಪು ಮುಖಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ತೋಟದ ಆಳುಗಳ ಲೈನ್ ಮನೆಯ ಮುದುಕಿ, ಸಂತೆಯ ಮುದುಕ. ಗೆರೆಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಬಟನ್ ಎಳೆದು, ಸುಕ್ಕುಗಳನ್ನು ಉತ್ತ ಗದ್ದೆ ಮಾಡಿ, ಹಿನ್ನೆಲೆಗೆ ಕತ್ತಲು ಸುರಿದು ಕಳಿಸುತ್ತೀರಿ. ಅದೇ ಕೈ ಮರುದಿನ ಮದುಮಗಳ ಫೋಟೋದಲ್ಲಿ ಮೂಗಿನ ರಂಧ್ರ ಬಿಟ್ಟು ಮಿಕ್ಕಿದ್ದನ್ನೆಲ್ಲ ನುಣ್ಣಗೆ ಸಾರಿಸುತ್ತದೆ. ದುಡ್ಡು ಕೊಟ್ಟವರಿಗೆ ಸ್ಮೂತು, ಕೊಡದವರಿಗೆ ಕ್ಲಾರಿಟಿ. ಒಂದು ಸಲ ಅದಲುಬದಲು ಮಾಡಿ ನೋಡಿ, ಎಷ್ಟು ಜನ ಒಪ್ಪುತ್ತಾರೆ ನೋಡೋಣ. ನಗಬೇಡಿ, ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲೂ ಅಂಥವು ಇವೆ.

(ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು: “ಸರ್, ನೀವು ಹೇಳಿದ ಹಾಗೆ ಮೈಬಣ್ಣ ಇದ್ದ ಹಾಗೇ ತೆಗೆದರೆ ಗಿರಾಕಿ ಬೆಳ್ಳಗೆ ಮಾಡಿಕೊಡಿ ಅಂತಾರೆ. ಏನ್ ಮಾಡ್ಬೇಕು?”)

ಮಾಡಿಕೊಡಮ್ಮ, ಅರ್ಧ ಸ್ಟಾಪು. ನಾನೂ ಮಾಡಿಕೊಟ್ಟಿದ್ದೇನೆ, ಹೊಟ್ಟೆಪಾಡು. ಆದರೆ ಕಂಬಳಿ ಅಜ್ಜ ಮತ್ತೆ ಬರುತ್ತಾರೆ ಅಂದಿದ್ದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ.

ನಾಲ್ಕು ವರ್ಷ ಆದ ಮೇಲೆ ಸ್ಟುಡಿಯೋದ ಹಳೇ ನೆಗೆಟಿವ್ ಕಟ್ಟು ಬಿಚ್ಚಿದಾಗ ಅಜ್ಜನ ನೆಗೆಟಿವ್ ಸಿಕ್ಕಿತು. ದೀಪಕ್ಕೆ ಹಿಡಿದರೆ ದಟ್ಟವಾಗಿದೆ, ಆದರೆ ಒಳಗೆ ಎಲ್ಲ ಇದೆ. ಓವರ್ ಆದ ಫಿಲಂ ಹಾಗೇ, ಸಿಟ್ಟು ಇಟ್ಟುಕೊಳ್ಳುವುದಿಲ್ಲ. ಈ ಸಲ ಟೆಸ್ಟ್ ಸ್ಟ್ರಿಪ್ ಹಾಕಿದೆ. 8 ಸೆಕೆಂಡಿನ ಬದಲು 18 ಕೊಟ್ಟೆ. ಕಂಬಳಿ ಕಪ್ಪಾಯಿತು, ಕಂಬಳಿಯ ನೂಲು ಕಾಣಿಸಿತು. ಮುಖ ಕಂದಿತು, ಹಣೆಯ ಗೆರೆ, ಎಡಗೆನ್ನೆಯ ಹಳೇ ಗಾಯದ ಗುರುತು, ಗಡ್ಡದ ಬಿಳಿ ಕೂಳೆ, ಎಲ್ಲ ಬಂತು. ಒಂದು ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ತಗೊಂಡು ಹೋದೆ.

ಅಜ್ಜ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರಂತೆ. ನಡುಮನೆಯ ಗೋಡೆಯಲ್ಲಿ ನನ್ನ ಆ ಸುಣ್ಣದ ಮುಖದ ಪ್ರಿಂಟಿಗೆ ಗಂಧದ ಹಾರ ಹಾಕಿದ್ದರು. ನಾನು ತಂದದ್ದನ್ನು ಮಗ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ಸೊಸೆ ಇಣುಕಿ, “ಇದು ಯಾರು, ದೊಡ್ಡಪ್ಪನವರಾ?” ಅಂದರು. ಮಗ ಏನೂ ಅನ್ನಲಿಲ್ಲ. ಊಟ ಮಾಡಿಕೊಂಡು ಹೋಗಿ ಅಂದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಪ್ರಿಂಟನ್ನು ಪೇಪರಿನಲ್ಲಿ ಸುತ್ತಿ, ಬೀರುವಿನಲ್ಲಿ ಜಮೀನಿನ ಪತ್ರಗಳ ಜೊತೆ ಇಡುತ್ತಿದ್ದರು.